ಡೊಲೊರೆಸ್ ಉಳಿಸಿಹೋದ ಧ್ವನಿ

ಐರ್ಲೆಂಡಿನ ಲಿಮರಿಕ್ ಪ್ರಾಂತದ ಕಥೋಲಿಕ ಕುಟುಂಬದಲ್ಲಿ ಜನಿಸಿ, ದೇವಾಲಯದ ಗಾನವೃಂದದಲ್ಲಿ ಹಾಡಿ ಬೆಳೆದ ಡೊಲೊರೆಸ್ ಓರಿಯೊರ್ಡನ್, 'ದಿ ಕ್ರ್ಯಾನ್‌ಬೆರೀಸ್' ರಾಕ್ ತಂಡದ ಗಾಯಕಿ, 2018ರ ಜನವರಿ 15ರಂದು ತಮ್ಮ 46ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಗೀತೆಗಳ ಪೈಕಿ 'ಜೋಂಬಿ'ಯನ್ನೇ ನಾವು ಹಿರಿದೆಂದು ಎಣಿಸುತ್ತೇವೆ. 1993ರಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದಲ್ಲಿ ಐ.ಆರ್.ಎ. ಇರಿಸಿದ ಬಾಂಬುಗಳಿಗೆ 3 ಹಾಗೂ 12 ವರ್ಷದ ಬಾಲಕರಿಬ್ಬರು ಬಲಿಯಾದಾಗ ಹುಟ್ಟಿದ ಗೀತೆಯದು. ತಮ್ಮ ಜನರ ಹೆಸರಿನಲ್ಲಿ ನಡೆದ ಕೊಲೆಯನ್ನು ಅವರು ಬಹಿರಂಗವಾಗಿ ಧಿಕ್ಕರಿಸಿದರು. ಪರರ ತಪ್ಪನ್ನು ಖಂಡಿಸುವುದು ಇಷ್ಟು ಕಠಿಣವಲ್ಲ. 2023ರಲ್ಲಿ ಪ್ಯಾರಿಸಿನ ರಗ್ಬಿ ವಿಶ್ವಕಪ್ ಪಂದ್ಯ ಗೆದ್ದಾಗ ಐರಿಷ್ ಅಭಿಮಾನಿಗಳು ಒಕ್ಕೊರಲಿನಿಂದ ಅದನ್ನೇ ಹಾಡಿದರು. ಗೀತೆ ಏಕಪಕ್ಷೀಯವೆಂದು ಕೆಲವರು ಆಕ್ಷೇಪಿಸಿದರು. ಮಡಿದ ಮಕ್ಕಳಿಗೆ ಪಕ್ಷವೆಲ್ಲಿಯದು? ರಾಕ್ ಎಂದರೆ ಬರೀ ಗದ್ದಲವೆಂದು ಮೂಗುಮುರಿಯುವ ಹೆತ್ತವರು ಒಮ್ಮೆ ಮಕ್ಕಳ ಪಕ್ಕದಲ್ಲಿ ಕುಳಿತು ಇದನ್ನು ಆಲಿಸಲಿ, ಆ ಬಾಲಕರ ಕಥೆಯನ್ನೂ ಅವರಿಗೆ ಹೇಳಲಿ.