ಮೂಗು ಹಿಡಿಯಿರಿ, ಮಾತ್ರೆ ಬಿಡಬೇಡಿ

ಬೆಳಗಿನ ಹೊತ್ತು. ಮುಖ ತೊಳೆಯಲು ಬಗ್ಗಿದ ನಲವತ್ತೈದರ ಗೃಹಿಣಿಯ ಮೂಗಿನಿಂದ ರಕ್ತ ತೊಟ್ಟಿಕ್ಕತೊಡಗುತ್ತದೆ. ಐದು ವರ್ಷಗಳ ಹಿಂದೆ ಆಕೆಯ ಹೃದಯದ ಕೆಟ್ಟ ಕವಾಟವನ್ನು ತೆಗೆದು ಲೋಹದ ಕವಾಟ ಕೂರಿಸಿದ್ದಾರೆ. ಅಂದಿನಿಂದ ಪ್ರತಿ ಸಂಜೆ ರಕ್ತ ತೆಳುಗೊಳಿಸುವ ಮಾತ್ರೆ. ಮನೆಮಂದಿಯೆಲ್ಲ ಓಡಿಬರುತ್ತಾರೆ. ಒಬ್ಬರು ನೆತ್ತಿಗೆ ತಣ್ಣೀರು ತಟ್ಟುತ್ತಾರೆ, ಇನ್ನೊಬ್ಬರು ತಲೆಯನ್ನು ಹಿಂದಕ್ಕೆ ಬಾಗಿಸಿ ಮಲಗಿಸುತ್ತಾರೆ, ಮತ್ತೊಬ್ಬರು ಮೂಗಿಗೆ ಹತ್ತಿ ತುರುಕುತ್ತಾರೆ. ಎರಡೆರಡು ನಿಮಿಷಕ್ಕೊಮ್ಮೆ ಹತ್ತಿ ತೆಗೆದು ನಿಂತಿತೇ ಎಂದು ನೋಡುವುದೂ ನಡೆಯುತ್ತದೆ. ಅರ್ಧ ಗಂಟೆಯ ಮೇಲೆ ರಕ್ತ ನಿಲ್ಲುತ್ತದೆ. ಆಗ ಅತ್ತೆಯ ತೀರ್ಪು: 'ಎಲ್ಲಾ ಆ ಮಾತ್ರೆಯಿಂದಲೇ ಕಣಮ್ಮ. ಸ್ವಲ್ಪ ದಿವಸ ಬಿಟ್ಟುಬಿಡು, ಮೈಯಲ್ಲಿ ರಕ್ತ ಊರಲಿ.'

ಮಾತ್ರೆ ನಿಲ್ಲುತ್ತದೆ. ಮೂಗು ಮತ್ತೆ ಸೋರುವುದಿಲ್ಲ. ಎಲ್ಲರಿಗೂ ಸಮಾಧಾನ. ಹನ್ನೆರಡನೆಯ ದಿನ ರೊಟ್ಟಿ ತಟ್ಟುತ್ತಿದ್ದ ಬಲಗೈ ಇದ್ದಕ್ಕಿದ್ದಂತೆ ಸೋಲುತ್ತದೆ, ಬಾಯಿ ಓರೆಯಾಗುತ್ತದೆ, ಮಾತು ತೊದಲುತ್ತದೆ. ಕವಾಟದ ಮೇಲೆ ಕಟ್ಟಿಕೊಂಡಿದ್ದ ಹೆಪ್ಪಿನ ಚೂರೊಂದು ಮಿದುಳಿನ ರಕ್ತನಾಳವನ್ನು ಮುಚ್ಚಿದೆ.

ಇದು ಯಾವುದೇ ಒಂದು ಮನೆಯ ಕಥೆಯಲ್ಲ. ಊರು, ವಯಸ್ಸು ಬೇರೆಯಾದರೂ ಹೃದ್ರೋಗ ತಜ್ಞರಿಗೆ ಚಿರಪರಿಚಿತವಾದ ಚಿತ್ರ. ಮೂಗಿನಿಂದ ರಕ್ತ ಬಂದರೆ ಕಣ್ಣಿಗೆ ಕಾಣುತ್ತದೆ, ಬಟ್ಟೆ ಕೆಂಪಾಗುತ್ತದೆ, ಮನೆಯೆಲ್ಲ ಹೆದರುತ್ತದೆ. ಎದೆಯೊಳಗೆ ಹೆಪ್ಪು ಕಟ್ಟುವುದು ಯಾರಿಗೂ ಕಾಣುವುದಿಲ್ಲ. ಕಾಣುವ ಸಣ್ಣ ಅಪಾಯಕ್ಕೆ ಅಂಜಿ ಕಾಣದ ದೊಡ್ಡ ಅಪಾಯವನ್ನು ಕರೆದುಕೊಳ್ಳುವುದು ಹೀಗೆ.

ಮಾತ್ರೆ ಮಾಡುವ ಕೆಲಸ

ಬಾಲ್ಯದಲ್ಲಿ ಗಂಟಲು ನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಕೀಲುಗಳನ್ನು ಕಾಡಿ ಹೋಗುತ್ತದೆ, ಆದರೆ ಹೃದಯದ ಕವಾಟಗಳ ಮೇಲೆ ಗಾಯದ ಗುರುತು ಬಿಡುತ್ತದೆ. ನಮ್ಮಲ್ಲಿ ನಡುವಯಸ್ಸಿನೊಳಗೇ ಕವಾಟ ಬದಲಾಯಿಸಿಕೊಳ್ಳುವ ಅನೇಕರ ಮೂಲ ಕಾಯಿಲೆ ಇದೇ. ಲೋಹದ ಕವಾಟ ದಶಕಗಳ ಕಾಲ ಬಾಳುತ್ತದೆ, ನಿಜ. ಆದರೆ ರಕ್ತದ ಪಾಲಿಗೆ ಅದು ಪರವಸ್ತು. ಅದರ ಸುತ್ತ ಹೆಪ್ಪುಗಟ್ಟಲು ರಕ್ತ ಸದಾ ಸಿದ್ಧ. ಆದ್ದರಿಂದ ಮಾತ್ರೆ ಜೀವನಪರ್ಯಂತ. ಹೃದಯದ ಲಯ ತಪ್ಪಿ ಮೇಲಿನ ಕೋಣೆಗಳು ಅದುರುವವರಿಗೂ, ಕಾಲಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿದವರಿಗೂ ಇಂಥದೇ ಮಾತ್ರೆ ಕೊಡುವುದುಂಟು.

'ರಕ್ತ ತೆಳುಗೊಳಿಸುವುದು' ಎಂಬ ಮಾತೇ ಸ್ವಲ್ಪ ದಾರಿ ತಪ್ಪಿಸುವಂಥದ್ದು. ಹಾಲಿಗೆ ನೀರು ಬೆರೆಸಿದಂತೆ ರಕ್ತವೇನೂ ನೀರಾಗುವುದಿಲ್ಲ. ಹೆಪ್ಪು ಕಡಿಮೆ ಹಾಕಿದ ಹಾಲು ಮೊಸರಾಗಲು ತಡವಾಗುವಂತೆ, ರಕ್ತ ಗಟ್ಟಿಯಾಗಲು ಹಿಡಿಯುವ ಹೊತ್ತು ಹೆಚ್ಚುತ್ತದೆ, ಅಷ್ಟೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಯಕೃತ್ತು ತಯಾರಿಸುವುದು 'ಕೆ' ಜೀವಸತ್ವದ ನೆರವಿನಿಂದ. ವಾರ್ಫರಿನ್ ಮತ್ತು ಅದರ ಹತ್ತಿರದ ಬಂಧು ಅಸಿನೊಕೌಮರಾಲ್ ಈ ನೆರವಿಗೆ ಅಡ್ಡ ಬರುತ್ತವೆ.

'ಅದು ಇಲಿ ಪಾಷಾಣವಂತೆ' ಎಂದು ಯಾರೋ ಹೇಳಿದ್ದನ್ನು ಕೇಳಿ ಮಾತ್ರೆ ಬಿಟ್ಟವರೂ ಇದ್ದಾರೆ. ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ಬಯಲುಗಳಲ್ಲಿ ಬೂಷ್ಟು ಹಿಡಿದ ಒಂದು ಬಗೆಯ ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರಲ್ಲಿ ರೈತನೊಬ್ಬ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ಹೊತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ರಸಾಯನಶಾಸ್ತ್ರಜ್ಞ ಕಾರ್ಲ್ ಲಿಂಕ್ ಮತ್ತು ಸಂಗಡಿಗರು ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದರು. ಅದರ ಜಾಡಿನಲ್ಲೇ ತಯಾರಾದ ವಾರ್ಫರಿನ್ 1948ರಲ್ಲಿ ಇಲಿಗಳಿಗೆ ವಿಷವಾಗಿಯೂ, 1954ರಲ್ಲಿ ಮನುಷ್ಯರಿಗೆ ಔಷಧವಾಗಿಯೂ ಬಂತು. 1955ರಲ್ಲಿ ಹೃದಯಾಘಾತವಾದಾಗ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಕೊಟ್ಟದ್ದೂ ಇದನ್ನೇ. ವಿಷವೋ ಔಷಧವೋ ಎಂಬುದು ಪ್ರಮಾಣದ ಮಾತು. ಈ ಮಾತ್ರೆಯಲ್ಲಿ ಅವೆರಡರ ನಡುವಿನ ಅಂತರ ಬಹಳ ಕಿರಿದು ಎಂಬುದನ್ನು ಮಾತ್ರ ಮರೆಯಬಾರದು.

ಮೂಗು ಸೋರಿದಾಗ

ಮಾತ್ರೆ ಮೂಗಿನಲ್ಲಿ ತೂತು ಕೊರೆಯುವುದಿಲ್ಲ. ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ತೆಳುವಾದ ಪೊರೆಯ ಕೆಳಗೆ ಸಣ್ಣ ರಕ್ತನಾಳಗಳ ಜಾಲವೇ ಇದೆ. ಹತ್ತರಲ್ಲಿ ಒಂಬತ್ತು ಸಲ ರಕ್ತ ಬರುವುದು ಇಲ್ಲಿಂದಲೇ. ಒಣ ಹವೆ, ನೆಗಡಿ, ಬೆರಳು ಹಾಕುವ ಅಭ್ಯಾಸ, ಜೋರಾಗಿ ಸೀಟುವುದು, ಇಷ್ಟು ಸಾಕು ಅದು ಒಡೆಯಲು. ರಕ್ತನಾಳ ಒಡೆಯುವುದು ಒಂದು ಸಂಗತಿ. ಒಡೆದದ್ದು ಬೇಗ ಮುಚ್ಚಿಕೊಳ್ಳದಿರುವುದು ಇನ್ನೊಂದು. ಮೊದಲನೆಯದಕ್ಕೆ ಮದ್ದು ಬೆರಳುಗಳಲ್ಲಿದೆ, ಎರಡನೆಯದಕ್ಕೆ ಪರೀಕ್ಷೆಯಲ್ಲಿ.

ರೋಗಿ ನೇರವಾಗಿ ಕೂತು, ತಲೆಯನ್ನು ತುಸು ಮುಂದಕ್ಕೆ ಬಾಗಿಸಬೇಕು. ಮೂಗಿನ ಮೂಳೆಯ ಕೆಳಗಿರುವ ಮೆತ್ತನೆಯ ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಗಟ್ಟಿಯಾಗಿ ಹಿಡಿದು ಬಾಯಿಯಿಂದ ಉಸಿರಾಡಬೇಕು. ಅನೇಕರು ಹಿಡಿಯುವುದು ಮೇಲಿನ ಗಟ್ಟಿ ಮೂಳೆಯನ್ನು, ಅದರಿಂದ ಪ್ರಯೋಜನವಿಲ್ಲ. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಹಿಡಿಯಬೇಕು. ನಡುವೆ ಒಮ್ಮೆಯೂ ಬಿಟ್ಟು ನೋಡಬಾರದು. ಬಿಟ್ಟು ನೋಡಿದ ಪ್ರತಿಸಲವೂ ಆಗತಾನೇ ಕಟ್ಟುತ್ತಿದ್ದ ಹೆಪ್ಪು ಕಿತ್ತು ಬರುತ್ತದೆ, ಲೆಕ್ಕ ಮತ್ತೆ ಮೊದಲಿನಿಂದ ಶುರು.

ತಲೆ ಹಿಂದಕ್ಕೆ ಬಾಗಿಸಿದರೆ ರಕ್ತ ನಿಲ್ಲುವುದಿಲ್ಲ, ಗಂಟಲಿಗೆ ಇಳಿಯುತ್ತದೆ. ನುಂಗಿದ ರಕ್ತ ವಾಂತಿ ತರಿಸುತ್ತದೆ, ಎಷ್ಟು ಹೋಯಿತೆಂಬ ಅಂದಾಜೂ ತಪ್ಪುತ್ತದೆ. ಬಾಯಿಗೆ ಬಂದದ್ದನ್ನು ಬಟ್ಟಲಿಗೆ ಉಗುಳುವುದೇ ಸರಿ. ನೆತ್ತಿಗೆ ತಟ್ಟುವ ತಣ್ಣೀರಿನಿಂದ ಹಾನಿಯಿಲ್ಲ, ಆದರೆ ಅದನ್ನೇ ನಂಬಿ ಮೂಗು ಹಿಡಿಯುವುದನ್ನು ಬಿಡಬಾರದು. ಗರಿಕೆಯ ರಸ, ಸೊಪ್ಪಿನ ರಸ ಎಂದು ಮೂಗಿಗೆ ಏನನ್ನೂ ಹಿಂಡುವುದು ಬೇಡ. ಒಣ ಹತ್ತಿ ತುರುಕುವುದೂ ಬೇಡ. ತೆಗೆಯುವಾಗ ಹೆಪ್ಪೂ ಜೊತೆಗೆ ಬರುತ್ತದೆ.

ರಕ್ತ ನಿಂತ ಮೇಲೆ ಒಂದು ದಿನ ಮೂಗು ಸೀಟಬಾರದು, ಭಾರ ಎತ್ತಬಾರದು, ಸುಡುಸುಡು ಕಾಫಿ ಕುಡಿಯಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಬಯಲುಸೀಮೆಯ ಒಣ ಚಳಿಗೂ ಬಿರುಬೇಸಿಗೆಗೂ ಮೂಗಿನ ಒಳಪೊರೆ ಒಣಗಿ ಸೀಳುವುದರಿಂದ, ಪದೇ ಪದೇ ಸೋರುವವರು ವೈದ್ಯರನ್ನು ಕೇಳಿ ಹೊಳ್ಳೆಯ ಮುಂಭಾಗಕ್ಕೆ ತೆಳುವಾಗಿ ವ್ಯಾಸಲೀನ್ ಸವರಿಕೊಳ್ಳಬಹುದು, ಅಥವಾ ಉಪ್ಪುನೀರಿನ ಮೂಗಿನ ಹನಿ ಬಳಸಬಹುದು. ಒಂದೇ ಹೊಳ್ಳೆಯಿಂದ ಮತ್ತೆ ಮತ್ತೆ ಬರುತ್ತಿದ್ದರೆ ಕಿವಿ, ಮೂಗು, ಗಂಟಲು ತಜ್ಞರು ಒಡೆಯುವ ರಕ್ತನಾಳವನ್ನೇ ಗುರುತಿಸಿ ಸುಟ್ಟು ಮುಚ್ಚಬಲ್ಲರು.

ತಡಮಾಡಬಾರದ ಸಂದರ್ಭಗಳು

ಹದಿನೈದು ನಿಮಿಷದಂತೆ ಎರಡು ಸಲ ಹಿಡಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಮೂಗು ಹಿಡಿದಾಗಲೂ ಗಂಟಲಿನ ಹಿಂದೆ ರಕ್ತ ಇಳಿಯುತ್ತಿದ್ದರೆ, ಧಾರೆಯಾಗಿ ಸುರಿಯುತ್ತಿದ್ದರೆ, ತಲೆ ಸುತ್ತಿ ಮೈ ಬೆವರಿದರೆ ಅಷ್ಟೂ ಕಾಯಬಾರದು. ವಸಡಿನಲ್ಲಿ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಕೆಂಪು ಮೂತ್ರ, ಡಾಂಬರಿನಂಥ ಕಪ್ಪು ಮಲ ಇವು ಮೂಗಿನ ಜೊತೆ ಸೇರಿಕೊಂಡರೆ ಔಷಧದ ಪರಿಣಾಮ ಮಿತಿಮೀರಿದೆ ಎಂದು ಶಂಕಿಸಬೇಕು. ತಲೆಗೆ ಪೆಟ್ಟು ಬಿದ್ದರೆ, ತೀವ್ರ ತಲೆನೋವು ಬಂದರೆ, ಕೈಕಾಲು ಸೋತರೆ, ಮೂಗು ಸೋರಲಿ ಬಿಡಲಿ, ತಕ್ಷಣ ದೊಡ್ಡಾಸ್ಪತ್ರೆ. ಮಳೆಗಾಲದಲ್ಲಿ ಜ್ವರದ ಜೊತೆಗೆ ಮೂಗಿನಲ್ಲಿ ರಕ್ತ ಬಂದರೆ ಡೆಂಗಿಯನ್ನೂ ಮರೆಯುವಂತಿಲ್ಲ. ಪ್ಲೇಟ್‌ಲೆಟ್ ಕುಸಿದವರಲ್ಲಿ ಈ ಮಾತ್ರೆಯ ಲೆಕ್ಕವೇ ಬೇರೆಯಾಗುತ್ತದೆ.

ಅಳತೆಗೋಲು ಒಂದೇ

ಮೂಗು ಸ್ವಲ್ಪ ಸೋರಿ, ಹಿಡಿದೊಡನೆ ನಿಂತರೆ ಸಂಜೆಯ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಿ, ಮುಂದಿನ ತಿಂಗಳಿಗಿದ್ದ ಐಎನ್‌ಆರ್ ಪರೀಕ್ಷೆಯನ್ನು ಈಗಲೇ ಮಾಡಿಸಬೇಕು. ಹೆಚ್ಚು ಹೊತ್ತು ಸೋರಿದ್ದರೆ ಅಂದೇ ಪರೀಕ್ಷೆ ಆಗಬೇಕು, ಮುಂದಿನ ಮಾತ್ರೆ ವೈದ್ಯರನ್ನು ಕೇಳಿದ ಮೇಲೆಯೇ.

ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಒಂದೊಂದು ಪ್ರಯೋಗಾಲಯ ಒಂದೊಂದು ಬಗೆಯಲ್ಲಿ ಹೇಳುತ್ತಿದ್ದ ಗೊಂದಲವನ್ನು ಹೋಗಲಾಡಿಸಲು 1980ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಳಕೆಗೆ ತಂದ ಅಳತೆ ಇದು. ಮಾತ್ರೆ ನುಂಗದ ಆರೋಗ್ಯವಂತರಲ್ಲಿ ಐಎನ್‌ಆರ್ 1ರ ಆಸುಪಾಸು. ಲಯ ತಪ್ಪಿದ ಹೃದಯಕ್ಕೆ ಸಾಮಾನ್ಯವಾಗಿ 2ರಿಂದ 3ರ ನಡುವೆ, ಎಡಭಾಗದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ್ದನ್ನು ಕೂರಿಸಿದ್ದರೆ 2.5ರಿಂದ 3.5ರ ನಡುವೆ ಇಡುವುದು ವಾಡಿಕೆ. ಅದಕ್ಕಿಂತ ಇಳಿದರೆ ಹೆಪ್ಪಿನ ಭಯ, 4.5 ದಾಟಿದರೆ ರಕ್ತಸ್ರಾವದ ಭಯ. ತನಗೆ ಗೊತ್ತುಮಾಡಿದ ಅಂಕಿ ಯಾವುದೆಂದು ರೋಗಿಗೂ ಮನೆಯವರಿಗೂ ಬಾಯಿಪಾಠವಾಗಿರಬೇಕು.

ಪ್ರಮಾಣ ಬದಲಾಯಿಸುವಾಗ ವೈದ್ಯರು ನೋಡುವುದು ದಿನದ ಲೆಕ್ಕವನ್ನಲ್ಲ, ವಾರದ ಲೆಕ್ಕವನ್ನು. ದಿನಕ್ಕೆ 4 ಮಿಲಿಗ್ರಾಂ ತೆಗೆದುಕೊಳ್ಳುವವರಿಗೆ ವಾರಕ್ಕೆ 28 ಆಯಿತು. ಐಎನ್‌ಆರ್ ಸ್ವಲ್ಪ ಏರಿದ್ದರೆ ನಾಲ್ಕು ದಿನ 4, ಮೂರು ದಿನ 3 ಎಂದು ಬರೆದಾರು. ಒಟ್ಟು 25 ಆಗುತ್ತದೆ, ಹತ್ತರಲ್ಲೊಂದು ಪಾಲಿನಷ್ಟು ಇಳಿಯಿತು. ತೀರಾ ಏರಿದ್ದರೆ ಒಂದೆರಡು ಸಂಜೆಯ ಮಾತ್ರೆ ಬಿಡಿಸಿ, ಮತ್ತೆ ಪರೀಕ್ಷೆ ಮಾಡಿಸಿ, ಕಡಿಮೆ ಪ್ರಮಾಣದಲ್ಲಿ ಶುರು ಮಾಡಿಸುತ್ತಾರೆ. ರಕ್ತಸ್ರಾವ ಜೋರಾಗಿದ್ದರೆ 'ಕೆ' ಜೀವಸತ್ವದ ಚುಚ್ಚುಮದ್ದು ಮೊದಲಾದವು ಆಸ್ಪತ್ರೆಯಲ್ಲೇ ಆಗಬೇಕಾದ ಚಿಕಿತ್ಸೆ.

ಬದಲಾವಣೆಯ ಫಲ ಮರುದಿನವೇ ಕಾಣದು. ರಕ್ತದಲ್ಲಿ ಮೊದಲೇ ಇರುವ ಹೆಪ್ಪಿನ ಅಂಶಗಳು ಕರಗಲು, ಹೊಸದು ತುಂಬಿಕೊಳ್ಳಲು ದಿನಗಳೇ ಹಿಡಿಯುತ್ತವೆ. ಇಂದು ನುಂಗಿದ್ದರ ಪ್ರಭಾವ ಎರಡು ಮೂರು ದಿನಗಳ ನಂತರ ತೋರಿ, ನೆಲೆಗೊಳ್ಳಲು ವಾರವೇ ಬೇಕಾದೀತು. ಇದನ್ನರಿಯದೆ ಮೂಗು ಸೋರಿದ ದಿನ ಅರ್ಧ, ಸೋರದ ದಿನ ಒಂದೂವರೆ ಎಂದು ನುಂಗುವವರ ಐಎನ್‌ಆರ್ ಉಯ್ಯಾಲೆಯಂತೆ ತೂಗುತ್ತಿರುತ್ತದೆ. ಒಂದು ಸಂಜೆ ಮರೆತದ್ದು ಅಂದೇ ರಾತ್ರಿ ನೆನಪಾದರೆ ತೆಗೆದುಕೊಳ್ಳಬಹುದು. ಮರುದಿನ ನೆನಪಾದರೆ ಬಿಟ್ಟದ್ದನ್ನು ಬಿಟ್ಟು ಅಂದಿನದನ್ನಷ್ಟೇ ನುಂಗಬೇಕು. ಎರಡನ್ನೂ ಒಟ್ಟಿಗೆ ನುಂಗುವುದು ತಪ್ಪು. ಸಂಜೆಯೇ ಮಾತ್ರೆ ನುಂಗಿಸುವುದಕ್ಕೂ ಕಾರಣವಿದೆ: ಬೆಳಗಿನ ಪರೀಕ್ಷೆಯ ಫಲಿತಾಂಶ ನೋಡಿ ಅಂದಿನ ಪ್ರಮಾಣವನ್ನೇ ತಿದ್ದಬಹುದು.

ಅಂಕಿ ಏರಿದ್ದೇಕೆ?

ಮೂಗು ಸೋರಿದಾಗ ಹಿಂದಿನ ಎರಡು ವಾರಗಳನ್ನು ನೆನಪಿಸಿಕೊಳ್ಳಬೇಕು. ಜ್ವರ, ಭೇದಿ ಆಗಿ ಊಟ ಬಿಟ್ಟಿತ್ತೇ? ಭೇದಿಗೆಂದು ಮೆಟ್ರೊನಿಡಜೋಲ್, ಮೂತ್ರದ ಉರಿಗೆಂದು ಕೋಟ್ರೈಮೊಕ್ಸಜೋಲ್, ಚರ್ಮದ ಶಿಲೀಂಧ್ರಕ್ಕೆಂದು ಫ್ಲುಕೊನಜೋಲ್ ನುಂಗಿದ್ದುಂಟೇ? ಇವು ಮೂರೂ ಐಎನ್‌ಆರ್ ಏರಿಸುವುದರಲ್ಲಿ ಹೆಸರಾದವು. ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳ ಅಪಾಯ ಇನ್ನೊಂದು ಬಗೆ. ಐಎನ್‌ಆರ್ ಹದವಾಗಿದ್ದಾಗಲೂ ರಕ್ತ ಸೋರಿಸಬಲ್ಲವು. ನೋವಿಗೆ ಪ್ಯಾರಾಸಿಟಮಾಲ್ ಮೇಲು, ಆದರೆ ದಿನಗಟ್ಟಲೆ ಹೆಚ್ಚು ನುಂಗಿದರೆ ಅದೂ ಅಂಕಿ ಏರಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ವಿರುದ್ಧ. ಅದರ ಜೊತೆ ಮಾತ್ರೆಯ ಪ್ರಮಾಣ ಏರಿಸಬೇಕಾಗುತ್ತದೆ, ಕ್ಷಯದ ಔಷಧ ಮುಗಿದ ಮೇಲೆ ಇಳಿಸಲು ಮರೆತರೆ ರಕ್ತಸ್ರಾವ ಕಾದಿರುತ್ತದೆ.

ಸೊಪ್ಪು ತಿನ್ನಲೇಬಾರದೆಂಬ ಭಯ ಬೇಡ. ಪಾಲಕ್, ದಂಟು, ಮೆಂತ್ಯ, ನುಗ್ಗೆ ಸೊಪ್ಪುಗಳಲ್ಲಿ 'ಕೆ' ಜೀವಸತ್ವ ಹೇರಳ. ವಾರಕ್ಕೆ ಮೂರು ದಿನ ಬಸ್ಸಾರು ಉಣ್ಣುವ ಮನೆಯಲ್ಲಿ ಹಾಗೆಯೇ ಮುಂದುವರಿಯಲಿ, ಮಾತ್ರೆ ಅದಕ್ಕೆ ಹೊಂದಿಕೊಂಡಿರುತ್ತದೆ. ತೊಂದರೆ ಬರುವುದು ಒಂದು ತಿಂಗಳು ದಿನವೂ ತಿಂದು ಇನ್ನೊಂದು ತಿಂಗಳು ಪೂರ್ತಿ ಬಿಟ್ಟಾಗ.

ಔಷಧದಂಗಡಿಯಲ್ಲೂ ಎಚ್ಚರ ಬೇಕು. 1, 2, 4 ಮಿಲಿಗ್ರಾಂ ಮಾತ್ರೆಗಳು ನೋಡಲು ಹೆಚ್ಚುಕಡಿಮೆ ಒಂದೇ ತೆರನಿರಬಹುದು. ಚೀಟಿಯ ಅಂಕಿಯನ್ನೂ ಪಟ್ಟಿಯ ಅಂಕಿಯನ್ನೂ ತಾಳೆ ನೋಡಬೇಕು. 'ಅದೇ ಕೆಲಸ ಮಾಡುತ್ತೆ' ಎಂದು ಅಸಿನೊಕೌಮರಾಲ್ ಬದಲು ವಾರ್ಫರಿನ್ ಕೊಟ್ಟರೆ ಒಪ್ಪಬಾರದು. ಎರಡರ ಮಿಲಿಗ್ರಾಂ ಸಮವಲ್ಲ.

ಈಚಿನ ವರ್ಷಗಳಲ್ಲಿ ಬಂದಿರುವ ಡಾಬಿಗಾಟ್ರಾನ್, ರಿವರೊಕ್ಸಬಾನ್, ಅಪಿಕ್ಸಬಾನ್‌ಗಳಿಗೆ ಐಎನ್‌ಆರ್ ಪರೀಕ್ಷೆಯ ಕಾಟವಿಲ್ಲ. ಆದರೆ ಲೋಹದ ಕವಾಟದವರಿಗೆ ಅವು ಸಲ್ಲವು. ಡಾಬಿಗಾಟ್ರಾನನ್ನು ಅಂಥವರಲ್ಲಿ ಪರೀಕ್ಷಿಸಿದಾಗ ಹೆಪ್ಪೂ ರಕ್ತಸ್ರಾವವೂ ಹೆಚ್ಚಾಗಿದ್ದವೆಂದು 2013ರಲ್ಲಿ ವರದಿಯಾಯಿತು. ರುಮ್ಯಾಟಿಕ್ ಕಾಯಿಲೆಯಿಂದ ಕವಾಟ ಕಿರಿದಾದವರಿಗೂ ಹಳೆಯ ಮಾತ್ರೆಯೇ ಲೇಸು. ಹೊಸ ಮಾತ್ರೆಯವರಿಗೂ ಒಂದು ಮಾತು: ಅದರ ಪರಿಣಾಮ ಒಂದೆರಡು ದಿನಗಳಲ್ಲೇ ಇಳಿದುಹೋಗುವುದರಿಂದ, ಮೂಗು ಸೋರಿತೆಂದು ಬಿಟ್ಟರೆ ರಕ್ಷಣೆಯೂ ಅಷ್ಟೇ ಬೇಗ ಹೋಗುತ್ತದೆ.

ಮೊದಲು ಹೇಳಿದ ಗೃಹಿಣಿಯ ಮನೆಗೇ ಮರಳಿದರೆ, ಅಂದು ಬೇಕಾಗಿದ್ದದ್ದು ಹೆಚ್ಚೇನಲ್ಲ. ಹದಿನೈದು ನಿಮಿಷ ಮೂಗು ಹಿಡಿದು ಕೂರುವ ತಾಳ್ಮೆ, ಅದೇ ದಿನ ಒಂದು ರಕ್ತಪರೀಕ್ಷೆ, ವೈದ್ಯರಿಗೆ ಒಂದು ಫೋನು. ಜೊತೆಗೆ ಒಂದು ನೋಟ್‌ಬುಕ್: ತಾರೀಕು, ಐಎನ್‌ಆರ್, ವಾರದ ಪ್ರಮಾಣ, ಹೊಸದಾಗಿ ನುಂಗಿದ ಔಷಧ, ಮೂಗು ಸೋರಿದ ದಿನ. ಹಲ್ಲು ಕೀಳಿಸಲು ಹೋದರೂ, ನೆಗಡಿಗೆ ಔಷಧ ಕೇಳಿದರೂ ಆ ಪುಸ್ತಕ ಕೈಯಲ್ಲಿರಲಿ. ಸದ್ದಿಲ್ಲದ ರಾತ್ರಿಯಲ್ಲಿ ಲೋಹದ ಕವಾಟದ ಟಿಕ್ ಟಿಕ್ ಸದ್ದು ಪಕ್ಕದಲ್ಲಿ ಮಲಗಿದವರಿಗೂ ಕೇಳಿಸುವುದುಂಟು. ಆ ಸದ್ದು ಮಂಕಾದರೆ, ಉಸಿರು ಕಟ್ಟಿದರೆ, ಕವಾಟಕ್ಕೆ ಹೆಪ್ಪು ಹತ್ತಿರಬಹುದು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.