ಬೀಪ್ ಬಂದಾಗ ಮಾತ್ರ ಬ್ರೇಕ್ ಒತ್ತುವುದು ಬೇಡ

ಸೊಕ್ಕೆ, ಜಗಳೂರು ಕಡೆಯಿಂದ ದಾವಣಗೆರೆಗೋ ಬೆಂಗಳೂರಿಗೋ ಗಾಡಿ ಓಡಿಸುವ ಎಲ್ಲರಲ್ಲೂ ನನ್ನದೊಂದು ಕಳಕಳಿಯ ಮನವಿ. ಮುಂದೆ ಸ್ಪೀಡ್ ಕ್ಯಾಮೆರಾ ಇದೆ ಎಂದು ಮೊಬೈಲ್ ಮ್ಯಾಪ್ ಎಚ್ಚರಿಸಿದ ಕೂಡಲೇ ಬ್ರೇಕ್ ಒತ್ತುವುದು, ಕ್ಯಾಮೆರಾ ದಾಟಿದ ಮೇಲೆ ಮತ್ತೆ ಆಕ್ಸಿಲರೇಟರ್ ತುಳಿಯುವುದು, ಈ ಅಭ್ಯಾಸವನ್ನು ದಯವಿಟ್ಟು ಬಿಡೋಣ. ಕ್ಯಾಮೆರಾ ಎಲ್ಲಿದೆ ಎಂಬುದಷ್ಟೇ ಆ ಸದ್ದಿಗೆ ಗೊತ್ತು, ಅಪಾಯ ಎಲ್ಲಿದೆ ಎಂಬುದು ಗೊತ್ತಿಲ್ಲ. ಹತ್ತಿರದಲ್ಲಿ ಸ್ಪೀಡ್ ಗನ್ ಇದ್ದರೆ ಕೂಗಿ ಎಚ್ಚರಿಸಲೆಂದು ಹೊರದೇಶಗಳಿಂದ ಬಂದ ರಾಡಾರ್ ಡಿಟೆಕ್ಟರ್‌ನ ಕಥೆಯೂ ಇಷ್ಟೇ. 24 ಗಿಗಾಹರ್ಟ್ಸ್ ಆಸುಪಾಸಿನ ಅಲೆಯನ್ನು ಕೆಲವು ಸ್ಪೀಡ್ ಗನ್‌ಗಳು ಬಳಸುವಂತೆ ಮಾಲ್‌ನ ತಾನಾಗಿ ತೆರೆಯುವ ಬಾಗಿಲು, ಪಕ್ಕದ ಕಾರಿನ ಸೆನ್ಸರ್ ಕೂಡ ಬಳಸುವುದುಂಟು. ಹಾಗಾಗಿ ಅದು ಸುಮ್ಮಸುಮ್ಮನೆ ಕೂಗುತ್ತದೆ. ಲೇಸರ್ ಗನ್‌ನ ಕಿರಣ ಬಹಳ ಕಿರಿದು, ಡಿಟೆಕ್ಟರ್ ಕೂಗುವಷ್ಟರಲ್ಲಿ ವೇಗ ಅಳೆದು ಮುಗಿದಿರುತ್ತದೆ. ಎರಡು ಕಡೆ ನಂಬರ್ ಪ್ಲೇಟ್ ಓದಿ ಸರಾಸರಿ ವೇಗ ಲೆಕ್ಕ ಹಾಕುವ ಕ್ಯಾಮೆರಾದ ಸುಳಿವೇ ಅದಕ್ಕೆ ಸಿಗದು.

ಸದ್ದು ಬಂದಾಗಿನ ತಪ್ಪಿಗಿಂತ ಸದ್ದಿಲ್ಲದಾಗಿನ ತಪ್ಪು ದೊಡ್ಡದು. ನಮ್ಮ ಹಳ್ಳಿಗಳ ನಡುವಿನ ರಸ್ತೆಗಳಲ್ಲಿ ಕ್ಯಾಮೆರಾ ಎಲ್ಲಿದೆ? ಅಲ್ಲಿ ಮೊಬೈಲ್ ಮೌನವಾಗಿರುತ್ತದೆ, ಆ ಮೌನವನ್ನೇ ನಾವು ಅನುಮತಿ ಎಂದುಕೊಳ್ಳುತ್ತೇವೆ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿರುತ್ತದೆ, ಕಾಳು ಚದುರದಿರಲಿ ಎಂದು ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಕತ್ತಲಲ್ಲಿ ಆ ಕಲ್ಲು ಕಾಣುವುದು ಹೆಡ್‌ಲೈಟ್ ಬಿದ್ದ ಮೇಲೆಯೇ. ಕುರಿ ಹಿಂಡು, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್, ಕೊಟ್ಟೂರು ತೇರಿಗೆ ರಾತ್ರಿಯೆಲ್ಲ ನಡೆದು ಹೋಗುವ ಭಕ್ತರು, ರಂಗಯ್ಯನದುರ್ಗದ ಕಾಡಂಚಿನಲ್ಲಿ ರಸ್ತೆ ದಾಟುವ ಕೊಂಡುಕುರಿ, ಇವು ಯಾವುದಕ್ಕೂ ಯಾವ ಆ್ಯಪೂ ಬೀಪ್ ಮಾಡುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 22 ಮೀಟರ್ ದಾಟಿರುತ್ತೇವೆ. ಕಂಡು, ಕಾಲು ಬ್ರೇಕಿಗೆ ಹೋಗಿ, ಒಣ ಡಾಂಬರಿನ ಮೇಲೆ ಗಾಡಿ ನಿಲ್ಲಲು ಹೆಚ್ಚುಕಡಿಮೆ 60 ಮೀಟರ್ ಬೇಕು. 40ರಲ್ಲಿದ್ದರೆ 20 ಮೀಟರ್ ಸಾಕು. ವೇಗ ಎರಡು ಪಟ್ಟಾದರೆ ಡಿಕ್ಕಿಯ ಹೊಡೆತ ನಾಲ್ಕು ಪಟ್ಟು.

ಕ್ಯಾಮೆರಾ ಇರುವುದೇ ದಂಡ ಕೀಳಲಿಕ್ಕೆ, ತಪ್ಪಿಸಿಕೊಂಡರೆ ತಪ್ಪೇನು ಎನ್ನುವವರಿದ್ದಾರೆ. ಕ್ಯಾಮೆರಾ ಇರುವ ಕಡೆ ಮುಂಚೆಯೇ ಎಚ್ಚರಿಕೆ ಫಲಕ ಹಾಕಬೇಕೆಂದು 2021ರಲ್ಲಿ ಬಂದ ಮೋಟಾರು ವಾಹನ ನಿಯಮ 167ಎ ಹೇಳುತ್ತದೆ. ಗುಟ್ಟಾಗಿ ಹಿಡಿಯುವುದೇ ಉದ್ದೇಶವಾಗಿದ್ದರೆ ಫಲಕ ಯಾಕೆ ಬೇಕಿತ್ತು? ಫಲಕವಿಲ್ಲದ ಕಡೆ ದಂಡ ಬಿದ್ದರೆ ಪ್ರಶ್ನಿಸಿ, ಅದು ನ್ಯಾಯ. ಆದರೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಸರ್ಕಾರದ ವರದಿ ದಾಖಲಿಸಿದೆ. ಅದರೆದುರು ಸಾವಿರ ರೂಪಾಯಿ ದಂಡ ಏನೂ ಅಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಬಂದದ್ದು ಸಾವುಗಳ ಸರಣಿ ಕಂಡ ಮೇಲೆಯೇ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಕಿ.ಮೀ. ಮೀರಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮವೂ ಜಾರಿಗೆ ಬಂತು. ಎಚ್ಚರಿಕೆ ಕೇಳಿಯಾದರೂ ಜನ ನಿಧಾನಿಸುತ್ತಾರಲ್ಲ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ಯಾಮೆರಾ ಮುಂದೆ ತಗ್ಗಿದ ವೇಗ ಕೆಲವೇ ನೂರು ಮೀಟರ್ ಆಚೆ ಮತ್ತೆ ಏರುತ್ತದೆ, ಜೊತೆಗೆ ದಿಢೀರ್ ಬ್ರೇಕ್ ಹಾಕಿದ ಕಾರಿನ ಹಿಂದೆ ಈರುಳ್ಳಿ ಹೇರಿಕೊಂಡ ಲಾರಿ ಇರಬಹುದು.

ಹಾಗಾಗಿ ಮೊಬೈಲನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಸಿಕ್ಕಿಸಿ, ದನಿ ಮಾತ್ರ ಕೇಳಿಸಿಕೊಳ್ಳಿ. ಸದ್ದು ಬಂದರೆ ಮೊದಲು ಹಿಂದಿನ ಕನ್ನಡಿ ನೋಡಿ, ಆಮೇಲೆ ಕಾಲು ಸಡಿಲಿಸಿ, ಫಲಕದ ಮಿತಿಗೆ ಇಳಿಯಿರಿ. ಕ್ಯಾಮೆರಾ ದಾಟಿದ ಮೇಲೂ ಅದೇ ವೇಗದಲ್ಲಿರಿ. ಊರು ಹತ್ತಿರವಾದಾಗ ಮ್ಯಾಪ್ ಸುಮ್ಮನಿದ್ದರೂ 40ಕ್ಕೆ ಬನ್ನಿ. ಮನೆಯ ಹಿರಿಯರಿಗೆ ಮ್ಯಾಪ್ ಹಾಕಿಕೊಡುವ ಹುಡುಗರು ಇದನ್ನೂ ಹೇಳಿಕೊಡಬೇಕೆಂದು ಬೇಡಿಕೊಳ್ಳುತ್ತೇನೆ.