ರೇಸ್ ಬೇಕು, ರಸ್ತೆಯಲ್ಲಿ ಬೇಡ

ಈದ್‌ನ ಮಾರನೆಯ ದಿನ ನನ್ನ ಖಾಲಾ ಅವರ ಮಗ ಹಳಿಯಾಳ–ದಾಂಡೇಲಿ ರಸ್ತೆಯಲ್ಲಿ ಗೆಳೆಯರ ಜೊತೆ ಬೈಕ್ ರೇಸ್ ಮಾಡಲು ಹೋಗಿ ಬಿದ್ದ. ಕಾಲು ಮುರಿಯಿತು. ವಯಸ್ಸು ನನ್ನಷ್ಟೇ, 17. ಲೈಸೆನ್ಸ್ ಇರಲಿಲ್ಲ. ಆಪರೇಷನ್ ಖರ್ಚಿಗೆ ಖಾಲೂ ಆ ಬೈಕನ್ನೇ ಮಾರಿದರು. ‘ರೇಸ್ ಅಂದರೆ ಪುಂಡಾಟಿಕೆ’ ಎಂದು ಮನೆಯಲ್ಲಿ ಎಲ್ಲರೂ ಬೈದರು. ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ರೇಸ್ ಒಂದು ಆಟ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿದರು. ಆ ರ‍್ಯಾಲಿಗೆ ಹೋದ ಮೊದಲ ಭಾರತೀಯ ಅವರೇ. ಬಿಗ್ ಬಾಸ್‌ನಲ್ಲಿ ನಾವೆಲ್ಲ ನೋಡಿದ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ರೇಸುಗಳ ವಿಶ್ವಕಪ್‌ನಲ್ಲಿ ಮಹಿಳಾ ವಿಭಾಗ ಗೆದ್ದರು. ಅದರ ಹಿಂದಿನ ವರ್ಷ ಸ್ಪೇನ್‌ನಲ್ಲಿ ಬಿದ್ದು ಹೊಟ್ಟೆಯೊಳಗೆ ತೀವ್ರ ಗಾಯವಾಗಿತ್ತು. ಆದರೂ ಮತ್ತೆ ಬೈಕ್ ಹತ್ತಿದರು.

ಅವರಿಗೂ ನಮ್ಮ ಹುಡುಗರಿಗೂ ಇರುವ ವ್ಯತ್ಯಾಸ ಧೈರ್ಯದ್ದಲ್ಲ, ಜಾಗ ಮತ್ತು ತರಬೇತಿಯದ್ದು. ದೊಡ್ಡ ಟ್ರ್ಯಾಕ್ ಬೇಕೆಂದರೆ ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕು. ಜಾಗವಿಲ್ಲದಿದ್ದರೆ ಎಂಥ ಆಟವೂ ಉಳಿಯದು. ಬ್ರಿಟನ್‌ನಲ್ಲಿ ಸ್ಪೀಡ್‌ವೇ ಎಂಬ ಆಟವಿದೆ. ಬ್ರೇಕ್ ಇಲ್ಲದ ಬೈಕುಗಳಲ್ಲಿ ನಾಲ್ವರು ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಓಡಿಸುತ್ತಾರೆ. ಮೂರು ಬಾರಿ ವಿಶ್ವ ಚಾಂಪಿಯನ್ ಆದ ಟಾಯ್ ವೊಫಿಂಡೆನ್ ಅಲ್ಲಿಯವರು. ಅವರು ಹಲವು ವರ್ಷ ಓಡಿಸಿದ ವೂಲ್ವರ್‌ಹ್ಯಾಂಪ್ಟನ್ ಟ್ರ್ಯಾಕಿನಲ್ಲೇ 2023ರ ನಂತರ ಸ್ಪೀಡ್‌ವೇ ನಿಂತುಹೋಗಿದೆ.

ನಮಗೆ ಸ್ಟೇಡಿಯಂ ಬೇಕಿಲ್ಲ. ಹಳಿಯಾಳ, ಮುಂಡಗೋಡದಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಎಷ್ಟೋ ಗದ್ದೆಗಳು ಖಾಲಿ ಇರುತ್ತವೆ. ರೈತರಿಗೆ ಬಾಡಿಗೆ ಕೊಟ್ಟು, ಬೇಲಿ ಕಟ್ಟಿ, ಅನುಮತಿ ಪಡೆದು, ಕಲಿಸುವವರನ್ನೂ ಆಂಬ್ಯುಲೆನ್ಸನ್ನೂ ಇಟ್ಟು ವರ್ಷಕ್ಕೆ ಎರಡು ದಿನ ರೇಸ್ ನಡೆಸಬಹುದು. ಖರ್ಚಿದೆ, ನಿಜ. ಆದರೆ ನಮ್ಮ ಖಾಲೂ ಕೊಟ್ಟ ಆಸ್ಪತ್ರೆ ಬಿಲ್ಲನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಟ್ರ್ಯಾಕಿನಲ್ಲೂ ಅಪಾಯವಿದೆ. 2023ರ ಆಗಸ್ಟ್‌ನಲ್ಲಿ ಚೆನ್ನೈನ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ತೀರಿಕೊಂಡ. ಆದರೆ ಟ್ರ್ಯಾಕಿನಲ್ಲಿ ಎದುರಿನಿಂದ ಬಸ್ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ. ಜೋಯಿಡಾದ ತಿರುವುಗಳಲ್ಲಿ ಎರಡೂ ಬರುತ್ತವೆ.

ಗೆಳೆಯರೇ, ಅಲ್ಲಿಯವರೆಗೆ ರಸ್ತೆಯಲ್ಲಿ ರೇಸ್ ಬೇಡ. 18 ತುಂಬದವರು ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ 25,000 ರೂಪಾಯಿ ದಂಡ, ಜೈಲೂ ಆಗಬಹುದು. ನಮಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಹಿರಿಯರಲ್ಲೂ ಒಂದು ವಿನಂತಿ: ನಮ್ಮನ್ನು ಬೈಯಿರಿ, ಆದರೆ ಆಡಲು ಒಂದು ಜಾಗವನ್ನೂ ತೋರಿಸಿ.